ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಜರ್ಮನ್ ‘ರೂಪಿ’: ಹಳೆಯ ಜರ್ಮನ್ ನಾಣ್ಯಗಳ ಬಗ್ಗೆ ಗೊತ್ತಿದ್ದವರು ಹೇಳಿ

ಕಡಲಮಗಳು

ಎಲ್ಲರಿಗೂ ನಮಸ್ಕಾರ. ಕುಂದಾಪುರದ ನಮ್ಮ ಹಳೆ ಮನೆ ಖಾಲಿ ಮಾಡುವಾಗ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ ಎಂಟು ಬೆಳ್ಳಿ ನಾಣ್ಯ. ಏಳು ವಿಕ್ಟೋರಿಯಾ ಮತ್ತು ಎಡ್ವರ್ಡ್ ಕಾಲದ ರೂಪಾಯಿ, ಇವನ್ನು ಚಿಕ್ಕಂದಿನಿಂದ ಲಕ್ಷ್ಮೀಪೂಜೆಯಲ್ಲಿ ನೋಡಿದ್ದೇನೆ. ಎಂಟನೆಯದನ್ನು ಅವುಗಳ ಮೇಲೆ ಇಟ್ಟರೆ ಅಂಚಿಗೆ ಅಂಚು ಕೂಡುತ್ತದೆ, ಆದರೆ ಮುಖ ಬೇರೆ. ಮೀಸೆ ತಿರುವಿದ ಗಂಡಸು, ತಲೆಯ ಮೇಲೆ ಯುದ್ಧದ ಟೋಪಿ, ಟೋಪಿಯ ತುದಿಯಲ್ಲಿ ರೆಕ್ಕೆ ಎತ್ತಿದ ಹದ್ದು. ಹಿಂದುಗಡೆ ಒಂದು ಸಿಂಹ, ಅದರ ಹಿಂದೆ ತಾಳೆಯ ಹಾಗಿರುವ ಮರ. ಇಸವಿ 1890. ಓದಲು ಬಂದದ್ದು ‘ರೂಪಿ’ ಎಂಬ ಒಂದೇ ಪದ, ಅದೂ ಇಂಗ್ಲಿಷ್ ಕಾಗುಣಿತದಲ್ಲಿ ಅಲ್ಲ.

ಪೇಟೆಯ ಅಂಗಡಿಯವರೊಬ್ಬರಿಗೆ ತೋರಿಸಿದೆ. “ಯಾರೋ ಮಾಡಿದ ನಕಲಿ ರೂಪಾಯಿ, ಕರಗಿಸಲು ಕೊಟ್ಟರೆ ಬೆಳ್ಳಿಯ ರೇಟು ಕೊಡ್ತೇನೆ” ಎಂದರು. ಮನಸ್ಸು ಒಪ್ಪಲಿಲ್ಲ, ವಾಪಸ್ ತಂದೆ. ಇದು ಏನು?

ಹಳೇನಾಣ್ಯ ಧಾರವಾಡ

ಅಕ್ಕಾರ, ಕರಗಸಾಕ ಕೊಡಬ್ಯಾಡ್ರಿ! ಇದು ನಕಲಿ ರೂಪಾಯಿ ಅಲ್ಲ, ಜರ್ಮನ್ನರ ಅಸಲಿ ರೂಪಾಯಿ. ಜರ್ಮನ್ ಪೂರ್ವ ಆಫ್ರಿಕಾ, ಅಂದ್ರ ಈಗಿನ ತಾಂಜಾನಿಯಾದ ಮುಖ್ಯನಾಡು, ರುವಾಂಡಾ, ಬುರುಂಡಿ ಇಷ್ಟೂ ಸೇರಿದ ವಸಾಹತಿನ ನಾಣ್ಯ. ಮೀಸಿ ಇದ್ದಾಂವ ಕೈಸರ್, ಅಂದ್ರ ಜರ್ಮನ್ ಚಕ್ರವರ್ತಿ, ಎರಡನೇ ವಿಲ್‌ಹೆಲ್ಮ್. ಹದ್ದಿನ ಟೋಪಿ ಅವನ ಅಂಗರಕ್ಷಕ ದಳದ್ದು. ಸುತ್ತಲೂ ಇರೋ ಅಕ್ಷರ ಲ್ಯಾಟಿನ್: ‘ಗ್ವಿಲೆಲ್ಮುಸ್ ಎರಡು ಇಂಪೆರಾಟೋರ್’. ಸಿಂಹ ಮತ್ತ ತಾಳೆಮರ ಜರ್ಮನ್ ಪೂರ್ವ ಆಫ್ರಿಕಾ ಕಂಪನಿಯ ಲಾಂಛನ. ನಮ್ಮ ಈಸ್ಟ್ ಇಂಡಿಯಾ ಕಂಪನಿಯ ಹಂಗ ಅದೂ ವ್ಯಾಪಾರದ ಕಂಪನಿ, ಟಂಕಸಾಲಿ ಹಕ್ಕನ್ನೂ ಪಡಕೊಂಡಿತ್ತು.

ನಾ ಬ್ಯಾಂಕಿನ್ಯಾಗ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತ ಆದಾಂವ. ಜರ್ಮನ್ ನಾಣ್ಯ ಕೂಡಿಸಾಕ ಹತ್ತಿ ಇಪ್ಪತ್ತು ವರ್ಷ ಆತು. ಮೊದಲು ಮೂರು ಕೆಲಸ ಮಾಡ್ರಿ: ತೂಕ ಹಾಕಸ್ರಿ, ಅಯಸ್ಕಾಂತ ಹಿಡೀರಿ, ವ್ಯಾಸ ಅಳೀರಿ. ತೂಕ 11.66 ಗ್ರಾಮಿನ ಆಸುಪಾಸು ಇರಬೇಕು. ಸವದಿದ್ರ ಸ್ವಲ್ಪ ಕಡಿಮಿ ಬರತದ. ಅಯಸ್ಕಾಂತಕ್ಕ ಅಂಟಿದ್ರ ಅಲ್ಲಿಗೇ ಕಥಿ ಮುಗೀತು.

ಕಡಲಮಗಳು

ಸರ್, ಓದಿ ಮೈ ಜುಂ ಎಂದಿತು. ಆದರೆ ಜರ್ಮನ್ನರು ಆಫ್ರಿಕಾದಲ್ಲಿ ರೂಪಾಯಿ ಯಾಕೆ ಹೊಡೆಸಿದರು? ಅವರದು ಮಾರ್ಕ್ ಅಲ್ಲವೇ?

ಹಳೇನಾಣ್ಯ ಧಾರವಾಡ

ಯಾಕಂದ್ರ ಆ ಕರಾವಳಿಯೊಳಗ ಜರ್ಮನ್ನರು ಕಾಲಿಡೋದಕ್ಕಿಂತ ಮೊದಲೇ ನಮ್ಮ ರೂಪಾಯಿ ಓಡಾಡತಿತ್ತು. ಜಾಂಜಿಬಾರ್, ಬಾಗಮೊಯೊ, ದಾರ್ ಎಸ್ ಸಲಾಮ್ ಎಲ್ಲಾ ಕಡೆ ಅಂಗಡಿ, ಲೇವಾದೇವಿ ನಡಸೋರು ಭಾರತದಿಂದ ಹೋದ ವ್ಯಾಪಾರಿಗಳು. ದಂತ, ಲವಂಗ, ಬಟ್ಟಿ, ಎಲ್ಲಾದರ ಲೆಕ್ಕ ರೂಪಾಯಿಯೊಳಗ. ಮಾರ್ಕ್ ತಂದು ಮುಂದಿಟ್ಟಿದ್ರ ಯಾರು ತಗೋತಿದ್ರು? ಅದಕ್ಕ ನಮ್ಮ ರೂಪಾಯಿಯ ತೂಕ, ನಮ್ಮ ರೂಪಾಯಿಯ ಬೆಳ್ಳಿ ಪ್ರಮಾಣ, ನಮ್ಮ ರೂಪಾಯಿಯ ಗಾತ್ರ ಇಟಗೊಂಡು ಬರ್ಲಿನ್ನಿನ್ಯಾಗ ಕೈಸರನ ಮುಖ ಒತ್ತಿ ಕಳಿಸಿದ್ರು. ಅದಕ್ಕ ನಿಮ್ಮ ನಾಣ್ಯ ಅಂಚಿಗೆ ಅಂಚು ಕೂಡೋದು.

ಚಿಲ್ಲರಿ ನೋಡ್ರಿ: ಒಂದು ರೂಪಿಗೆ 64 ಪೆಸಾ. ನಮ್ಮ ರೂಪಾಯಿಗೆ 64 ಪೈಸೆ ಇದ್ದಂಗ. ತಾಮ್ರದ ಪೆಸಾದ ಒಂದು ಮಗ್ಗಲ ಜರ್ಮನ್ ಹದ್ದು, ಇನ್ನೊಂದು ಮಗ್ಗಲ ಅರಬ್ಬಿ ಲಿಪಿ ಮತ್ತ ಹಿಜರಿ ಇಸವಿ 1307. ಒಂದು ಸಣ್ಣ ತಾಮ್ರದ ಬಿಲ್ಲಿಯೊಳಗ ಬರ್ಲಿನ್, ಅರಬಸ್ತಾನ, ಹಿಂದೂಸ್ತಾನ ಮೂರೂ ಕೂಡ್ಯಾವ. ನನ್ನ ಸಂಗ್ರಹದಾಗ ನನಗ ಎಲ್ಲಕ್ಕಿಂತ ಪ್ರೀತಿ ಅದರ ಮ್ಯಾಲೆ, ದಿನಾ ಒಮ್ಮೆ ತಗದು ನೋಡತೀನಿ. 1904ರಾಗ ಸರಕಾರನೇ ನಾಣ್ಯದ ಅಧಿಕಾರ ತಗೊಂಡು 64ರ ಲೆಕ್ಕ ತಗದು ಒಂದು ರೂಪಿಗೆ 100 ಹೆಲ್ಲರ್ ಅಂತ ಮಾಡಿತು.

ತುಂಗಾತೀರ

ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಹೇಳದಿದ್ದರೆ ಕಥೆ ಅರ್ಧ. ವ್ಯಾಪಾರಿಗಳು ರೂಪಿಯನ್ನು ತಾವಾಗಿಯೇ ಒಪ್ಪಿಕೊಂಡರು, ಸರಿ. ಹಳ್ಳಿಯವರು? ಅವರಿಗೆ ನಾಣ್ಯ ಅನಿವಾರ್ಯವಾದದ್ದು ಗುಡಿಸಲು ತೆರಿಗೆಯಿಂದ. 1890ರ ದಶಕದ ಕೊನೆಯಲ್ಲಿ ವಸಾಹತು ಸರ್ಕಾರ ಪ್ರತಿ ಗುಡಿಸಲಿಗೂ ತೆರಿಗೆ ಹಾಕಿತು. ಕಟ್ಟಲು ರೂಪಿ ಬೇಕು, ರೂಪಿ ಬೇಕೆಂದರೆ ತೋಟಗಳಲ್ಲಿ ಕೂಲಿಗೆ ಹೋಗಬೇಕು. ಆಮೇಲೆ ಬಲವಂತದ ಹತ್ತಿ ಬೇಸಾಯ ಬಂತು. 1905ರಲ್ಲಿ ಜರ್ಮನ್ ಆಡಳಿತದ ವಿರುದ್ಧ ‘ಮಾಜಿ ಮಾಜಿ’ ಎಂಬ ದಂಗೆ ಎದ್ದಾಗ ಸೈನ್ಯ ಬೆಳೆಯನ್ನೂ ಊರುಗಳನ್ನೂ ಸುಟ್ಟಿತು. ಗುಂಡಿಗಿಂತ ಹಸಿವಿಗೆ ಸತ್ತವರೇ ಹೆಚ್ಚು. ನಾನು ರೂಪಿ ಸಂಗ್ರಹಿಸುತ್ತೇನೆ, ಮುಂದೆಯೂ ಸಂಗ್ರಹಿಸುತ್ತೇನೆ. ಆದರೆ ಆ ಟೋಪಿಯ ಹದ್ದನ್ನು ನೋಡುವಾಗ ಇದೂ ನೆನಪಿರಲಿ ಎಂದು ನನ್ನ ಆಲ್ಬಮ್ಮಿನ ಆ ಪುಟದಲ್ಲಿ ಬರೆದಿಟ್ಟಿದ್ದೇನೆ.

ಹಳೇನಾಣ್ಯ ಧಾರವಾಡ

ಖರೇ ಮಾತು ಹೇಳಿದ್ರಿ. ನಾನೂ ಬರದಿಡತೀನಿ.

ರೂಪಿಯ ಕಡೀ ಅಧ್ಯಾಯನೂ ಹೇಳಿಬಿಡತೀನಿ. ಮೊದಲನೇ ಮಹಾಯುದ್ಧದಾಗ ಬ್ರಿಟಿಷ್ ನೌಕಾಪಡೆ ಸಮುದ್ರ ಕಟ್ಟಿ ಹಾಕಿತು, ಬರ್ಲಿನ್ನಿನಿಂದ ನಾಣ್ಯ ಬರೋದು ನಿಂತಿತು. 1916ರಾಗ ಒಳನಾಡಿನ ತಬೋರಾ ಊರಿನ ರೈಲ್ವೆ ವರ್ಕ್‌ಶಾಪಿನೊಳಗೇ ನಾಣ್ಯ ಹೊಡೀಲಿಕ್ಕೆ ಶುರು ಮಾಡಿದ್ರು. ಹಿತ್ತಾಳಿಯ 5 ಮತ್ತ 20 ಹೆಲ್ಲರ್, ಬಂಗಾರದ 15 ರೂಪಿ. ಆ ಬಂಗಾರದ ನಾಣ್ಯದ ಮ್ಯಾಲೆ ಸೊಂಡಿಲು ಎತ್ತಿದ ಆನಿ, ಹಿಂದ ಗುಡ್ಡ. ಆನಿಯ ಕೆಳಗ ತಬೋರಾದ ‘ಟಿ’ ಅಕ್ಷರ. 15 ರೂಪಿ ಅಂದ್ರ 20 ಮಾರ್ಕ್, ಲೆಕ್ಕ ಸರಿಯಾಗಿ ಕೂಡತಿತ್ತು. ಅದೇ ವರ್ಷ ಸೆಪ್ಟೆಂಬರಿನಾಗ ಬೆಲ್ಜಿಯನ್ ಪಡೆ ತಬೋರಾ ಹಿಡೀತು, ಟಂಕಸಾಲಿ ಮುಗೀತು. ಆನಿ ನಾಣ್ಯದ ನಕಲು ಮಾರುಕಟ್ಟಿಯೊಳಗ ಭಾಳ ಅದಾವ, ಸಸ್ತಾ ಸಿಕ್ತು ಅಂತ ಯಾರೂ ಕೈ ಹಾಕಬ್ಯಾಡ್ರಿ.

ಸ್ಟುಟ್‌ಗಾರ್ಟ್ ವಾಸಿ

ಒಳ್ಳೆಯ ಚರ್ಚೆ. ನಾನು ಹಾಸನದವನು, ಹನ್ನೊಂದು ವರ್ಷದಿಂದ ಇಲ್ಲಿ ಜರ್ಮನಿಯಲ್ಲಿದ್ದೇನೆ. ಶನಿವಾರದ ಹಳೆ ಸಾಮಾನಿನ ಸಂತೆಗಳಲ್ಲಿ ನಾಣ್ಯ ಹುಡುಕುವುದು ಅಭ್ಯಾಸ. ವಸಾಹತಿನ ನಾಣ್ಯ ಬಿಟ್ಟು ಜರ್ಮನಿಯ ಒಳಗಿನದಕ್ಕೆ ಬರುತ್ತೇನೆ, ಹೊಸದಾಗಿ ಶುರು ಮಾಡುವವರಿಗೆ ಅದೇ ಸುಲಭ.

1871ರಲ್ಲಿ ಜರ್ಮನಿ ಒಂದಾಯಿತು ಎನ್ನುತ್ತೇವೆ. ಆದರೆ ರಾಜರು ಯಾರೂ ಗದ್ದುಗೆ ಬಿಡಲಿಲ್ಲ. ಬವೇರಿಯಾ, ಸ್ಯಾಕ್ಸನಿ, ವುರ್ಟೆಂಬರ್ಗ್ ರಾಜ್ಯಗಳಿಗೆ ರಾಜರಿದ್ದರು, ಸಣ್ಣಪುಟ್ಟ ಸಂಸ್ಥಾನಗಳಿಗೆ ಡ್ಯೂಕರು, ರಾಜಕುಮಾರರು. ಹಂಬುರ್ಗ್, ಬ್ರೆಮೆನ್, ಲ್ಯೂಬೆಕ್ ಸ್ವತಂತ್ರ ನಗರಗಳು. ನಾಣ್ಯಕ್ಕೆ ಒಂದು ರಾಜಿಸೂತ್ರ ಮಾಡಿಕೊಂಡರು: 1 ಮಾರ್ಕ್ ಮತ್ತು ಅದಕ್ಕಿಂತ ಚಿಕ್ಕವು ದೇಶಕ್ಕೆಲ್ಲ ಒಂದೇ ವಿನ್ಯಾಸ. 2 ಮಾರ್ಕ್‌ನಿಂದ ಮೇಲಿನವಕ್ಕೆ ಹಿಂಬದಿಯಲ್ಲಿ ಸಾಮ್ರಾಜ್ಯದ ಹದ್ದು, ಮುಂಬದಿಯಲ್ಲಿ ಆಯಾ ರಾಜ್ಯದ ದೊರೆ, ನಗರವಾದರೆ ಅದರ ಲಾಂಛನ. ನಮ್ಮ ಮೈಸೂರು, ಹೈದರಾಬಾದು ಸಂಸ್ಥಾನಗಳೆಲ್ಲ ಒಂದೇ ತೂಕದ ರೂಪಾಯಿ ಹೊಡೆಸಿ ಒಂದು ಬದಿಗೆ ಮಾತ್ರ ತಮ್ಮ ತಮ್ಮ ದೊರೆಗಳ ಮುಖ ಹಾಕಿದ್ದರೆ ಹೇಗಿರುತ್ತಿತ್ತೋ ಹಾಗೆ.

ತೂಕದ ಲೆಕ್ಕ ಬಹಳ ಅಚ್ಚುಕಟ್ಟು. ಒಂದು ಮಾರ್ಕ್‌ಗೆ 5 ಗ್ರಾಂ ಶುದ್ಧ ಬೆಳ್ಳಿ. 2 ಮಾರ್ಕ್‌ನಲ್ಲಿ 10, 3 ಮಾರ್ಕ್‌ನಲ್ಲಿ 15, 5 ಮಾರ್ಕ್‌ನಲ್ಲಿ 25. ಬೆಳ್ಳಿ ಸಾವಿರಕ್ಕೆ 900 ಅಂಶ, ಆದ್ದರಿಂದ 5 ಮಾರ್ಕ್‌ನ ಒಟ್ಟು ತೂಕ 27.78 ಗ್ರಾಂ. 5 ಮಾರ್ಕ್ ಕೈಗೆ ಬಂದರೆ ಅಂಚನ್ನು ತಿರುಗಿಸಿ ನೋಡಿ: ‘ಗಾಟ್ ಮಿಟ್ ಉನ್ಸ್’, ದೇವರು ನಮ್ಮೊಂದಿಗಿದ್ದಾನೆ, ಎಂದು ಬರೆದಿರಬೇಕು. ನಕಲಿ ಮಾಡುವವರು ಸೋಲುವುದು ಹೆಚ್ಚಾಗಿ ಅಂಚಿನಲ್ಲಿಯೇ.

ಇಸವಿಗಿಂತ ಮೊದಲು ನೋಡಬೇಕಾದದ್ದು ಒಂಟಿ ಅಕ್ಷರ, ಅದು ನಾಣ್ಯ ಹೊಡೆದ ಟಂಕಸಾಲೆಯ ಗುರುತು. ಎ ಎಂದರೆ ಬರ್ಲಿನ್, ಡಿ ಮ್ಯೂನಿಕ್, ಎಫ್ ಸ್ಟುಟ್‌ಗಾರ್ಟ್, ಜಿ ಕಾರ್ಲ್ಸ್‌ರೂಹೆ, ಜೆ ಹಂಬುರ್ಗ್. ಈ ಐದೂ ಇಂದಿನ ಯೂರೋ ನಾಣ್ಯದಲ್ಲೂ ಇವೆ. ಇ ಸ್ಯಾಕ್ಸನಿಯದು. ಬಿ, ಸಿ, ಎಚ್ ಸಾಮ್ರಾಜ್ಯದ ಮೊದಲ ಹತ್ತು ಹನ್ನೆರಡು ವರ್ಷಗಳಲ್ಲೇ ನಿಂತುಹೋದ ಟಂಕಸಾಲೆಗಳು. ಒಂದೇ ಇಸವಿಯ ಎರಡು ನಾಣ್ಯಗಳಲ್ಲಿ ಒಂದು ನೂರಕ್ಕೆ ಸಿಕ್ಕಿ ಇನ್ನೊಂದು ಸಾವಿರಗಟ್ಟಲೆ ಬಾಳಬಹುದು, ವ್ಯತ್ಯಾಸ ಈ ಒಂದು ಅಕ್ಷರ.

ಬೆಳ್ಳಿಬಿಲ್ಲೆ

ಸಾರ್, ನಾನು ಎರಡು ವರ್ಷದಿಂದ ಕೂಡಿಸುತ್ತಿದ್ದೇನೆ. ಎಲ್ಲ ರಾಜರದ್ದೂ ಒಂದೊಂದು ಇರಲಿ ಎಂದು ಆಸೆ. ಆಗುತ್ತದೆಯೇ?

ಸ್ಟುಟ್‌ಗಾರ್ಟ್ ವಾಸಿ

ಆಗುವುದಿಲ್ಲ ಎಂದೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಣ್ಣ ಸಂಸ್ಥಾನಗಳ ನಾಣ್ಯ ಹೊಡೆದದ್ದೇ ಕಡಿಮೆ. 1917ರಲ್ಲಿ, ಯುದ್ಧದ ನಡುವೆ, ಕ್ರೈಸ್ತ ಧರ್ಮದಲ್ಲಿ ಲೂಥರ್ ತಂದ ಸುಧಾರಣೆಯ 400ನೇ ವರ್ಷಕ್ಕೆ ಸ್ಯಾಕ್ಸನಿ ತನ್ನ ಹಳೆಯ ದೊರೆ ಫ್ರೀಡ್ರಿಕ್ ದ ವೈಸ್‌ನ 3 ಮಾರ್ಕ್ ಹೊರಡಿಸಿತು, ಕೇವಲ 100. ಅದು ಹರಾಜುಗಳ ಲೋಕ, ನಮ್ಮದಲ್ಲ.

ಬದಲಿಗೆ ಒಂದು ಕಥೆ ಹಿಡಿದು ಅದರ ಸುತ್ತ ಕೂಡಿಸಿ. 1888 ಜರ್ಮನಿಗೆ ಮೂರು ಕೈಸರರ ವರ್ಷ. ಮಾರ್ಚ್ 9ರಂದು ತೊಂಬತ್ತರ ಒಂದನೇ ವಿಲ್‌ಹೆಲ್ಮ್ ತೀರಿಕೊಂಡರು. ಮಗ ಮೂರನೇ ಫ್ರೀಡ್ರಿಕ್‌ಗೆ ಗಂಟಲಿನ ಕ್ಯಾನ್ಸರ್, ಪಟ್ಟಕ್ಕೆ ಬರುವ ಹೊತ್ತಿಗೆ ಮಾತು ನಿಂತಿತ್ತು, ಚೀಟಿ ಬರೆದು ಆಡಳಿತ ನಡೆಸಿದರು. 99 ದಿನ. ಜೂನ್ 15ರಂದು ಅವರೂ ಹೋದರು. ನಂತರ ಬಂದವರೇ ಕಡಲಮಗಳು ಅವರ ನಾಣ್ಯದ ಮೀಸೆಯ ಎರಡನೇ ವಿಲ್‌ಹೆಲ್ಮ್, ಆಗ 29 ವರ್ಷ. ಜರ್ಮನ್ನರು ಪ್ರಾಸ ಕಟ್ಟಿ ಹೇಳುತ್ತಾರೆ: ‘ಗ್ರೈಸೆ’ ಕೈಸರ್, ‘ವೈಸೆ’ ಕೈಸರ್, ‘ರೈಸೆ’ ಕೈಸರ್. ಮುಪ್ಪಿನವನು, ವಿವೇಕಿ, ತಿರುಗಾಟದವನು. ಫ್ರೀಡ್ರಿಕ್ ಆಳಿದ್ದು ಮೂರು ತಿಂಗಳು ಚಿಲ್ಲರೆ, ಆದರೂ ಅವರ ಪ್ರಷ್ಯಾ ನಾಣ್ಯ (ಕೈಸರರೇ ಪ್ರಷ್ಯಾ ರಾಜ್ಯಕ್ಕೆ ರಾಜರೂ ಆಗಿದ್ದರು) ಇಂದಿಗೂ ಸುಲಭವಾಗಿ ಸಿಗುತ್ತದೆ. ಜನ ನೆನಪಿಗೆಂದು ಖರ್ಚು ಮಾಡದೆ ತೆಗೆದಿಟ್ಟರು. ಮೂರು ಮುಖದ ಮೂರು 2 ಮಾರ್ಕ್ ಒಂದೇ ಸಾಲಿನಲ್ಲಿ ಇಟ್ಟು ನೋಡಿ, ಮಧ್ಯದವರ ಗಡ್ಡದ ಮುಖ ನಿಮ್ಮನ್ನು ಕಾಡದಿದ್ದರೆ ಕೇಳಿ.

ಇನ್ನೊಬ್ಬರು ಬವೇರಿಯಾದ ಒಟ್ಟೋ. 1886ರಲ್ಲಿ ಅಣ್ಣ ಎರಡನೇ ಲುಡ್ವಿಗ್, ಆ ನಾಯ್‌ಶ್ವಾನ್‌ಸ್ಟೈನ್ ಕೋಟೆ ಕಟ್ಟಿಸಿದವರು, ಸ್ಟಾರ್ನ್‌ಬರ್ಗ್ ಸರೋವರದಲ್ಲಿ ಸತ್ತರು. ತಮ್ಮ ಒಟ್ಟೋ ರಾಜನಾದರು. ಆದರೆ ಅವರ ಮನಸ್ಸು ಅದಾಗಲೇ ಕಾಯಿಲೆಗೆ ಬಿದ್ದು, ಫ್ಯೂರ್ಸ್ಟೆನ್‌ರೀಡ್ ಅರಮನೆಯಲ್ಲಿ ವೈದ್ಯರ ಕಾವಲಿನಲ್ಲಿದ್ದರು. ಚಿಕ್ಕಪ್ಪ ಲೂಯಿಟ್‌ಪೋಲ್ಡ್ ಅವರ ಹೆಸರಿನಲ್ಲಿ ರಾಜ್ಯ ಆಳಿದರು. ಆದರೂ 1913ರವರೆಗೆ ಬವೇರಿಯಾದ ನಾಣ್ಯದ ಮೇಲೆ ‘ಒಟ್ಟೋ, ಬವೇರಿಯಾದ ರಾಜ’ ಎಂದೇ ಬರುತ್ತಿತ್ತು. ಒಂದು ದಿನವೂ ಆಳದ ರಾಜನ ಮುಖ ಕಾಲು ಶತಮಾನ ಸಂತೆ ಸಂತೆ ಸುತ್ತಿತು. ನನ್ನ ಬಳಿ ಇರುವ 3 ಮಾರ್ಕ್‌ನಲ್ಲಿ ಗಡ್ಡದ ಕೆಳಭಾಗ ಸವೆದಿದೆ, ಕಣ್ಣು ಮಾತ್ರ ಚೆನ್ನಾಗಿ ಉಳಿದಿದೆ. ಅದನ್ನು ಮಾರುವ ಮನಸ್ಸು ಎಂದೂ ಬಂದಿಲ್ಲ.

ಮೈಸೂರು ಮೇಷ್ಟ್ರು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಎಲ್ಲರೂ 1871ರಿಂದ ಶುರು ಮಾಡುತ್ತೀರಿ, ನನ್ನ ಜೀವ ಅದಕ್ಕೂ ಹಿಂದಿನ ಟಾಲರ್‌ಗಳಲ್ಲಿದೆ.

1520ರ ಹೊತ್ತಿಗೆ ಬೊಹೀಮಿಯಾದ ಯೋಆಖಿಮ್ಸ್‌ಟಾಲ್ ಕಣಿವೆಯಲ್ಲಿ ಬೆಳ್ಳಿ ಸಿಕ್ಕಿ ಶ್ಲಿಕ್ ಮನೆತನದ ಪಾಳೆಯಗಾರರು ದೊಡ್ಡ ಬೆಳ್ಳಿ ನಾಣ್ಯ ಹೊಡೆಸಿದರು. ಕಣಿವೆಯ ಹೆಸರಿನಿಂದ ಯೋಆಖಿಮ್ಸ್‌ಟಾಲರ್, ಅದು ಸವೆದು ಟಾಲರ್, ಊರೂರು ಸುತ್ತಿ ಡಾಲರ್. ಆ ಊರು ಈಗ ಚೆಕ್ ಗಣರಾಜ್ಯದ ಯಾಖಿಮೋವ್. ಮರಿ ಕ್ಯೂರಿ ರೇಡಿಯಂ ಬೇರ್ಪಡಿಸಿದ್ದು ಇದೇ ಊರಿನ ಗಣಿಯ ಅದಿರಿನಿಂದ ಎಂಬುದನ್ನೂ ಸೇರಿಸಿಬಿಡುತ್ತೇನೆ, ವಿಜ್ಞಾನದ ಮೇಷ್ಟ್ರಾಗಿ ಬಿಡಲು ಮನಸ್ಸಿಲ್ಲ.

ಆದರೆ ನನಗೆ ಅತಿ ಇಷ್ಟದ್ದು ಬ್ರೌನ್‌ಶ್ವೈಗ್‌ನ ಗಂಟೆ ಟಾಲರ್‌ಗಳು. ಮೂವತ್ತು ವರ್ಷಗಳ ಯುದ್ಧದಲ್ಲಿ ಡ್ಯೂಕ್ ಆಗುಸ್ಟ್‌ನ ರಾಜಧಾನಿ ವೋಲ್ಫೆನ್‌ಬ್ಯುಟೆಲ್ ಚಕ್ರವರ್ತಿಯ ಸೈನ್ಯದ ಕೈಯಲ್ಲಿತ್ತು. ಊರು ಬಿಟ್ಟುಕೊಡುವ ಮಾತು ಮುಂದೆ ಮುಂದೆ ಹೋಗುತ್ತಿತ್ತು. 1643ರಲ್ಲಿ ಡ್ಯೂಕ್ ಒಂದರ ಹಿಂದೆ ಒಂದು ನಾಣ್ಯ ಹೊಡೆಸಿದರು. ಮೊದಲಿನದರಲ್ಲಿ ಗಂಟೆ ಇದೆ, ನಾಲಗೆ ಇಲ್ಲ, ಎಂದರೆ ಬಾರಿಸುವಂತಿಲ್ಲ. ಆಮೇಲಿನದರಲ್ಲಿ ನಾಲಗೆ ಬೇರೆಯಾಗಿ ಕಾಣುತ್ತದೆ. ಕೊನೆಗೆ ಸೈನ್ಯ ತೊಲಗಿದ ಮೇಲೆ ಗಂಟೆ ಹಗ್ಗದಲ್ಲಿ ತೂಗಿ ಬಾರಿಸುತ್ತಿದೆ. ಪತ್ರಿಕೆಗಳೇ ಅಪರೂಪವಾಗಿದ್ದ ಕಾಲದಲ್ಲಿ ಜನರ ಕೈಗೆ ಹೋದ ಸುದ್ದಿ ಅದು. ಈ ಡ್ಯೂಕ್ ಕಟ್ಟಿದ ಗ್ರಂಥಾಲಯ ಅದೇ ಊರಿನಲ್ಲಿ ಇಂದಿಗೂ ಇದೆ. ಗಂಟೆ ಟಾಲರ್ ಕೊಳ್ಳುವ ಶಕ್ತಿ ನನಗಿಲ್ಲ, ಚಿತ್ರಗಳನ್ನು ದೊಡ್ಡದು ಮಾಡಿ ಅಚ್ಚು ಹಾಕಿಸಿ ತರಗತಿಯ ಗೋಡೆಗೆ ಹಚ್ಚಿದ್ದೆ. ಮಕ್ಕಳು ಯಾವುದು ಮೊದಲಿನದು, ಯಾವುದು ಕೊನೆಯದು ಎಂದು ತಾವೇ ಕಂಡುಹಿಡಿಯುತ್ತಿದ್ದರು.

ಬೆಳ್ಳಿಬಿಲ್ಲೆ

ಮೇಷ್ಟ್ರೇ, ಅದ್ಭುತ! ಆದರೆ ನನ್ನ ಬಜೆಟ್ ತಿಂಗಳಿಗೆ ಐನೂರು ರೂಪಾಯಿ. ಬೆಳ್ಳಿ ಈಗ ಮುಟ್ಟುವ ಹಾಗಿಲ್ಲ.

ಸ್ಟುಟ್‌ಗಾರ್ಟ್ ವಾಸಿ

ಹಾಗಿದ್ದರೆ ಬೆಳ್ಳಿ ಬಿಡಿ, 1923ರ ಅಲ್ಯೂಮಿನಿಯಂ ಹಿಡಿಯಿರಿ. 200 ಮಾರ್ಕ್ ಮತ್ತು 500 ಮಾರ್ಕ್ ನಾಣ್ಯಗಳು. ಕೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗುವುದಿಲ್ಲ, 200 ಮಾರ್ಕ್ ಬರೀ ಒಂದು ಗ್ರಾಂ. ಹದ್ದಿನ ಸುತ್ತ ‘ಐಕ್ಯ, ನ್ಯಾಯ, ಸ್ವಾತಂತ್ರ್ಯ’ ಎಂಬ ಅರ್ಥದ ಜರ್ಮನ್ ಸಾಲು. ಹತ್ತು ವರ್ಷ ಹಿಂದೆ 200 ಮಾರ್ಕ್ ಎಂದರೆ ಹತ್ತು ದೊಡ್ಡ ಚಿನ್ನದ ನಾಣ್ಯ. ಈ ಅಲ್ಯೂಮಿನಿಯಂ ಬಿಲ್ಲೆ ಹೊರಬರುತ್ತಿದ್ದಂತೆ ಅದಕ್ಕೆ ಬೆಲೆಯೇ ಉಳಿಯಲಿಲ್ಲ. 1923ರ ನವೆಂಬರಿನಲ್ಲಿ ಒಂದು ಅಮೆರಿಕನ್ ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಅದೇ ತಿಂಗಳು ರೆಂಟೆನ್‌ಮಾರ್ಕ್ ಬಂತು, ಒಂದು ಲಕ್ಷ ಕೋಟಿ ಹಳೆ ಮಾರ್ಕ್‌ಗೆ ಒಂದು. ಹೊಸ ಚಿಲ್ಲರೆಯ ಮೇಲೆ ಏನು ಹಾಕಿದರು ಗೊತ್ತೇ? ಗೋಧಿ ತೆನೆ. ಕೈಸರ್ ಹೋಗಿದ್ದರು, ಕಾಗದದ ಮೇಲಿನ ನಂಬಿಕೆ ಹೋಗಿತ್ತು, ನೆಲದಲ್ಲಿ ಬೆಳೆದದ್ದನ್ನು ತೋರಿಸಿದರು. ರೆಂಟೆನ್‌ಮಾರ್ಕ್‌ಗೆ ಆಧಾರವೆಂದು ಹೇಳಿದ್ದೂ ಭೂಮಿಯ ಮತ್ತು ಉದ್ಯಮಗಳ ಅಡಮಾನವನ್ನೇ.

200 ಮಾರ್ಕ್ ಆರು ಟಂಕಸಾಲೆಯಲ್ಲಿ ಆಯಿತು: ಎ, ಡಿ, ಇ, ಎಫ್, ಜಿ, ಜೆ. ಆರನ್ನೂ ಸೇರಿಸುವುದು ನಿಮ್ಮ ಬಜೆಟ್‌ನಲ್ಲಿ ಸಾಧ್ಯ. ಆಮೇಲೆ ಸ್ಯಾಕ್ಸನಿಯ ಮೈಸೆನ್ ಪಿಂಗಾಣಿ ಕಾರ್ಖಾನೆ 1921ರಲ್ಲಿ ಮಾಡಿದ ಕಂದು ಬಣ್ಣದ ಮಣ್ಣಿನ ನಾಣ್ಯ ಒಂದಾದರೂ ಇರಲಿ. ಲೋಹ ಸಾಲದೆ ಮಣ್ಣು ಸುಟ್ಟು ಮಾಡಿದ ದುಡ್ಡು. ಬೆರಳಲ್ಲಿ ತಟ್ಟಿದರೆ ಬಟ್ಟಲಿನ ಹಾಗೆ ಟಿಣ್ ಎನ್ನುತ್ತದೆ.

ತುಂಗಾತೀರ

ನನ್ನ ದಾರಿ ಬೇರೆ, ನಾನು ಓಕ್ ಮರ ಹಿಡಿದು ಹೋದವಳು. ಬಜೆಟ್ ಕಡಿಮೆ ಇದ್ದವರಿಗೆ ಇದೂ ಒಳ್ಳೆಯದು. ಕೈಸರ್ ಕಾಲದ 1 ಮಾರ್ಕ್‌ನಲ್ಲಿ ಅಂಕಿಯ ಸುತ್ತ ಓಕ್ ಎಲೆಯ ಮಾಲೆ, ಅದು ವಿಜಯದ ಮಾಲೆ. ಕೈಸರ್ ಹೋದ ಮೇಲಿನ ವೈಮಾರ್ ಗಣರಾಜ್ಯ 1927ರಿಂದ ಹೊರಡಿಸಿದ 5 ಮಾರ್ಕ್‌ನಲ್ಲಿ ಬೇರು ಸಮೇತ ನಿಂತ ಇಡೀ ಓಕ್ ಮರ. ಎರಡನೇ ಮಹಾಯುದ್ಧದಲ್ಲಿ ಎಲ್ಲ ಕಳೆದುಕೊಂಡ ಮೇಲೆ, 1948ರ 1 ಫೆನಿಗ್‌ನಲ್ಲಿ (ಮಾರ್ಕ್‌ನ ನೂರರಲ್ಲಿ ಒಂದು ಭಾಗ) ಐದೇ ಎಲೆಯ ಸಸಿ.

ನಂತರ 1949ರ 50 ಫೆನಿಗ್. ಇಪ್ಪತ್ತು ಮಿಲಿಮೀಟರ್ ಅಗಲದ ಸಾಧಾರಣ ನಾಣ್ಯ. ಭೂತಗನ್ನಡಿ ಹಿಡಿದು ನೋಡಿ. ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಮಂಡಿಯೂರಿದ್ದಾಳೆ, ಬರಿಗಾಲು. ಎರಡೂ ಕೈ ಚಾಚಿ ಓಕ್ ಸಸಿಯನ್ನು ನೆಡುತ್ತಿದ್ದಾಳೆ. ನಮ್ಮ ತೋಟದಲ್ಲಿ ಅಡಿಕೆ ಸಸಿ ನೆಡುವಾಗ ಅಮ್ಮ ಕೂರುತ್ತಿದ್ದ ಭಂಗಿಯೇ. ಶಿಲ್ಪಿ ರಿಚರ್ಡ್ ಮಾರ್ಟಿನ್ ವೆರ್ನರ್ ಈ ವಿನ್ಯಾಸ ಮಾಡಿದರು, ಮಾದರಿಯಾಗಿ ಕೂತದ್ದು ಅವರ ಪತ್ನಿ ಗೆರ್ಡಾ. 1949ರಲ್ಲೇ ವೆರ್ನರ್ ತೀರಿಹೋದರು. ಆ ನಾಣ್ಯ 2001ರವರೆಗೂ ಹೊಡೆಯಲ್ಪಟ್ಟಿತು. ರಾಜ ಅಲ್ಲ, ಸೇನಾಪತಿ ಅಲ್ಲ, ಸಸಿ ನೆಡುವ ಹೆಂಗಸು ಐವತ್ತು ವರ್ಷ ಒಂದು ದೇಶದ ಕಿಸೆಯಲ್ಲಿದ್ದಳು. ಈಗಿನ ಜರ್ಮನ್ 1, 2, 5 ಸೆಂಟ್ ಯೂರೋ ನಾಣ್ಯಗಳಲ್ಲೂ ಓಕ್ ರೆಂಬೆ ಮುಂದುವರಿದಿದೆ.

ಹಳೇನಾಣ್ಯ ಧಾರವಾಡ

ಅದರಾಗೂ ಒಂದು ಅಪರೂಪದ್ದು ಅದ ನೋಡ್ರಿ. 1949ರ ನಾಣ್ಯದ ಮ್ಯಾಲೆ ‘ಬಾಂಕ್ ಡಾಯ್ಚರ್ ಲೆಂಡರ್’ (ಜರ್ಮನ್ ರಾಜ್ಯಗಳ ಬ್ಯಾಂಕು) ಅಂತ ಇರತದ, 1950ರಿಂದ ‘ಬುಂಡೆಸ್‌ರೆಪುಬ್ಲಿಕ್ ಡಾಯ್ಚ್‌ಲಾಂಡ್’ (ಜರ್ಮನ್ ಸಂಯುಕ್ತ ಗಣರಾಜ್ಯ) ಅಂತ ಬದಲಾತು. ಆದ್ರ ಕಾರ್ಲ್ಸ್‌ರೂಹೆಯೊಳಗ ತಪ್ಪಿ ಹಳೇ ಹೆಸರಿನ ಮ್ಯಾಲೆ 1950 ಅಂತ ಹಾಕಿ 30,000 ಹೊಡದ್ರು. 1950, ಜಿ ಅಕ್ಷರ, ಹಳೇ ಹೆಸರು, ಈ ಮೂರೂ ಕೂಡಿದ್ದು ಸಿಕ್ಕರ ಬಿಡಬ್ಯಾಡ್ರಿ. ಆದ್ರ ಹುಷಾರ್: ಅದೇ ಟಂಕಸಾಲಿಯೊಳಗ ಅಪರೂಪದ ನಾಣ್ಯಗಳನ್ನ ಕದ್ದುಮುಚ್ಚಿ ಮತ್ತ ಹೊಡದದ್ದು 1970ರ ದಶಕದಾಗ ಹೊರಗ ಬಂದು ದೊಡ್ಡ ಹಗರಣ ಆಗಿತ್ತು.

ಬೆಳ್ಳಿಬಿಲ್ಲೆ

ಒಂದು ಅನುಮಾನ. ನನಗೆ ಒಬ್ಬರು 1930ರ ದಶಕದ, ಜರ್ಮನಿಯ ಅಧ್ಯಕ್ಷರಾಗಿದ್ದ ಹಿಂಡೆನ್‌ಬುರ್ಗ್ ಮುಖದ 5 ಮಾರ್ಕ್ ಕೊಡುತ್ತೇನೆಂದರು. ಅದರಲ್ಲಿ ಹದ್ದಿನ ಕೆಳಗೆ ಸ್ವಸ್ತಿಕ ಇದೆ. ತೆಗೆದುಕೊಳ್ಳಬಹುದೇ?

ತುಂಗಾತೀರ

ಸ್ವಸ್ತಿಕ ಎನ್ನಬೇಡಿ, ಹೊಸ್ತಿಲ ಮೇಲೆ ಬರೆಯುವ ನಮ್ಮ ಸ್ವಸ್ತಿಕಕ್ಕೂ ಅದಕ್ಕೂ ಸಂಬಂಧ ಕಲ್ಪಿಸಬೇಡಿ. ಅದು ನಾಜಿ ಪಕ್ಷದ ಚಿಹ್ನೆ. ಚರಿತ್ರೆಯ ಸಾಕ್ಷಿಯಾಗಿ ಇಟ್ಟುಕೊಳ್ಳುವವರಿದ್ದಾರೆ, ನಾನು ಇಟ್ಟುಕೊಳ್ಳುವುದಿಲ್ಲ. ನನ್ನ ಓಕ್ ಸಾಲಿನಲ್ಲಿ ಆ ಹನ್ನೆರಡು ವರ್ಷದ ಜಾಗ ಖಾಲಿ ಬಿಟ್ಟಿದ್ದೇನೆ.

ಸ್ಟುಟ್‌ಗಾರ್ಟ್ ವಾಸಿ

ನನ್ನ ಅಭಿಪ್ರಾಯ ಬೇರೆ. 1935ರವರೆಗಿನ ಹಿಂಡೆನ್‌ಬುರ್ಗ್ ನಾಣ್ಯದಲ್ಲಿ ಆ ಚಿಹ್ನೆ ಇಲ್ಲ, 1936ರಲ್ಲಿ ಅದು ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ದೇಶದ ಮುದ್ರೆಯನ್ನು ಒಂದು ಪಕ್ಷ ನುಂಗಿದ್ದು ಕಣ್ಣಿಗೆ ಕಾಣುತ್ತದೆ. ಹಾಗೆ ಜೋಡಿಯಾಗಿ ಇಟ್ಟಿದ್ದೇನೆ, ಪ್ರದರ್ಶನಕ್ಕಲ್ಲ. ಜರ್ಮನಿಯಲ್ಲಿ ಆ ಚಿಹ್ನೆಯನ್ನು ಸುಮ್ಮನೆ ಸಾರ್ವಜನಿಕವಾಗಿ ತೋರಿಸುವುದು ಅಪರಾಧ, ನಾಣ್ಯ ಮಾರುವವರು ಚಿತ್ರದಲ್ಲಿ ಅದನ್ನು ಮುಚ್ಚುತ್ತಾರೆ. ಈ ಚರ್ಚೆಯಲ್ಲಿಯೂ ಯಾರೂ ಅದರ ಚಿತ್ರ ಹಾಕುವುದು ಬೇಡ.

ಕೊಡಿಯಾಲದವ

ಒಳ್ಳೆ ಮಾತುಕತೆ ಮಾರಾಯ್ರೆ. ಮಂಗಳೂರಿನವರಾಗಿ ನಮಗೊಂದು ನಾಣ್ಯದ ಮೇಲೆ ಹಕ್ಕುಂಟು. 1927ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ 450 ವರ್ಷ ತುಂಬಿದಾಗ 3 ಮತ್ತು 5 ಮಾರ್ಕ್ ಬಂತು. ಅದರಲ್ಲಿ ಇರುವುದು ಸ್ಥಾಪಕ ಎಬರ್‌ಹಾರ್ಡ್, ‘ಗಡ್ಡದ ಎಬರ್‌ಹಾರ್ಡ್’ ಅಂತಲೇ ಹೆಸರು. ನಮ್ಮ ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು, 1903ರಲ್ಲಿ ಅವರು ತೀರಿದ್ದೂ ಟ್ಯೂಬಿಂಗೆನ್ನಿನಲ್ಲೇ. ನಾನು 3 ಮಾರ್ಕ್ ತೆಗೆದುಕೊಂಡು ನಿಘಂಟಿನ ಪಕ್ಕ ಇಟ್ಟಿದ್ದೇನೆ. ಜೊತೆಗೆ ಟ್ಯೂಬಿಂಗೆನ್ ಸೇರಿದ್ದ ವುರ್ಟೆಂಬರ್ಗ್ ರಾಜ್ಯದ ರಾಜನ 2 ಮಾರ್ಕ್ ಉಂಟು, ಕಿಟ್ಟೆಲ್ ಕೊನೆಗಾಲದಲ್ಲಿ ಪೇಟೆಗೆ ಹೋದಾಗ ಅವರ ಕೈಗೆ ಬರುತ್ತಿದ್ದ ಜಾತಿಯ ನಾಣ್ಯ. ಆ ರಾಜನ ಹೆಸರೂ ಎರಡನೇ ವಿಲ್‌ಹೆಲ್ಮ್, ಕೈಸರ್ ಬೇರೆ, ಇವರು ಬೇರೆ. ಹೊಸಬರು ಇದರಲ್ಲಿ ಎಡವುವುದುಂಟು.

ಕಡಲಮಗಳು ಅವರೇ, ಒಂದು ಕಿವಿಮಾತು. ದಯವಿಟ್ಟು ತೊಳೆಯಬೇಡಿ. ನನ್ನ ಮೊದಲ 5 ಮಾರ್ಕ್‌ನ್ನು ದೇವರ ಕೋಣೆಯ ದೀಪದ ಜೊತೆ ಮನೆಯವರು ಹುಣಸೆಹುಳಿ ಹಾಕಿ ತಿಕ್ಕಿದರು. ಥಳಥಳ ಹೊಳೆಯಿತು, ನೂರು ವರ್ಷದ ಕಪ್ಪು ಛಾಯೆ ಐದು ನಿಮಿಷದಲ್ಲಿ ಹೋಯಿತು. ಕೂದಲೆಳೆಯಂಥ ಗೀರುಗಳು ಈಗಲೂ ಕಾಣುತ್ತವೆ. ಆ ಛಾಯೆ ತಿರುಗಿ ಬರುವುದಿಲ್ಲ.

ಕಡಲಮಗಳು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ. ತೊಳೆದಿಲ್ಲ, ತೊಳೆಯುವುದೂ ಇಲ್ಲ. ಸ್ಟುಟ್‌ಗಾರ್ಟ್‌ನ ಸರ್, ಅಲ್ಲಿಗೆ ಕಳಿಸಿದರೆ ಯಾರಾದರೂ ತಜ್ಞರಿಗೆ ತೋರಿಸಲು ಆಗುತ್ತದೆಯೇ?

ಹಳೇನಾಣ್ಯ ಧಾರವಾಡ

ಕಳಸಬ್ಯಾಡ್ರಿ ಅಕ್ಕಾರ. ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ದೇಶದ ಹೊರಗ ಕಳಸೋದು ಕಾನೂನಿಗೆ ವಿರುದ್ಧ ಆಗತದ. ಇಲ್ಲೇ ತೂಕ ಹಾಕಸ್ರಿ, ಎರಡೂ ಮಗ್ಗಲ ಮತ್ತ ಅಂಚಿನ ಚಿತ್ರ ಹಾಕ್ರಿ, ಸಾಕು.

ಕಡಲಮಗಳು

ಇವತ್ತು ಪರಿಚಯದ ಅಕ್ಕಸಾಲಿಗರ ಬಳಿ ಹೋಗಿದ್ದೆ. ತೂಕ 11.58 ಗ್ರಾಂ. ಅಯಸ್ಕಾಂತಕ್ಕೆ ಅಂಟಲಿಲ್ಲ. ವ್ಯಾಸ ಮೂವತ್ತೂವರೆ ಮಿಲಿಮೀಟರ್, ವಿಕ್ಟೋರಿಯಾ ರೂಪಾಯಿಗೂ ಇದಕ್ಕೂ ಅಳತೆಯಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಚಿತ್ರ ಕೆಳಗೆ ಹಾಕಿದ್ದೇನೆ. ಕೈಸರನ ಟೋಪಿಯ ಮೇಲ್ಗಡೆ ಅಂಚಿನಲ್ಲಿ ಸಣ್ಣ ಬೆಸುಗೆಯ ಗುರುತಿದೆ.

ಹಳೇನಾಣ್ಯ ಧಾರವಾಡ

ಚಿತ್ರ ನೋಡಿದೆ. ಅಸಲಿ ಅದ, ನನಗ ಸಂಶಯ ಇಲ್ಲ. ಬೆಸುಗಿ ಗುರುತಿಗೆ ಕಾರಣ ಅಂದ್ರ ಯಾರೋ ಕೊಕ್ಕಿ ಹಚ್ಚಿ ಸರಕ್ಕ ಪೋಣಿಸಿದ್ರು. ವ್ಯಾಪಾರದವರು ಇದಕ್ಕ ಬೆಲೆ ಇಳಸ್ತಾರ. ನಾನಾದ್ರ ಆ ಗುರುತು ಇದ್ದದ್ದನ್ನೇ ಆರಿಸ್ಕೋತೀನಿ.

ಕಡಲಮಗಳು

ಸರ್, ನಿಮ್ಮ ಮಾತು ಓದಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಎಂಬತ್ತಾರು. ಸರ ಎಂದ ಕೂಡಲೇ ನೆನಪಾಯಿತು ಅವರಿಗೆ. ಅಜ್ಜಿಯ ಅತ್ತೆಯ ಕೊರಳಲ್ಲಿ ಬೆಳ್ಳಿ ನಾಣ್ಯದ ಸರ ಇತ್ತಂತೆ. ಅದರಲ್ಲಿ ಒಂದು ‘ಹಕ್ಕಿ ರೂಪಾಯಿ’. ಆ ಅತ್ತೆಯ ಅಣ್ಣ ಮುಂಬಯಿಯಲ್ಲಿ ಹಡಗು ಹತ್ತಿ ಜಾಂಜಿಬಾರ್ ಕಡೆ ಲೆಕ್ಕ ಬರೆಯುವ ಕೆಲಸಕ್ಕೆ ಹೋದವರು, ಒಂದೇ ಸಲ ಊರಿಗೆ ಬಂದರು, ತಂಗಿಗೆ ಅದನ್ನು ಕೊಟ್ಟರು. ಎರಡನೇ ಸಲ ಹೋದವರು ತಿರುಗಿ ಬರಲಿಲ್ಲ. ಸರವನ್ನು ಯಾವಾಗ ಬಿಚ್ಚಿದರೋ ದೊಡ್ಡಮ್ಮನಿಗೆ ತಿಳಿಯದು.

ಈಗ ಹೇಗೆ ಇಡಲಿ ಹೇಳಿ.

ಮೈಸೂರು ಮೇಷ್ಟ್ರು

ಮೆತ್ತನೆಯ ಪಿವಿಸಿ ಲಕೋಟೆಯಲ್ಲಿ ಬೇಡಮ್ಮ, ಹಸಿರು ಜಿಡ್ಡು ಹಿಡಿಯುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಸಿಗುತ್ತದೆ, ಅದರಲ್ಲಿಡಿ. ಅಂಚನ್ನು ಮಾತ್ರ ಹಿಡಿಯಿರಿ. ಕೆಂಪು ಬಟ್ಟೆ ಬಿಸಾಡಬೇಡಿ, ಆದರೆ ನಾಣ್ಯದಿಂದ ಬೇರೆ ಇಡಿ. ದೊಡ್ಡಮ್ಮ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಲಕೋಟೆಯ ಜೊತೆಗಿಡಿ.

ಕಡಲಮಗಳು

ಬರೆದೆ. ಸರಿಯಿದೆಯೇ ನೋಡಿ:

“ಹಕ್ಕಿ ರೂಪಾಯಿ. ಜರ್ಮನ್ ಪೂರ್ವ ಆಫ್ರಿಕಾ, 1 ರೂಪಿ, 1890. ಬೆಳ್ಳಿ, 11.58 ಗ್ರಾಂ. ಮೇಲಂಚಿನಲ್ಲಿ ಬೆಸುಗೆ. ಅಜ್ಜಿಯ ಅತ್ತೆಗೆ ಅವರ ಅಣ್ಣ ಕೊಟ್ಟದ್ದು. ತೊಳೆಯಬಾರದು.”